ಹೇಗೂ ಬಿಟ್ಟು ಹೋಗುವ ಊರಿನಲ್ಲಿ ಏನನ್ನು ಶುರು ಮಾಡುವುದು?

ಪ್ರಶ್ನೆ

ಮೇಡಂ, ನನಗೆ 30 ವರ್ಷ. ಊರು ಉಡುಪಿ ಜಿಲ್ಲೆಯ ಶಿರ್ವದ ಹತ್ತಿರ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡಿದ್ದೆ. ಯಜಮಾನರು ಭೂಸೇನೆಯಲ್ಲಿ ಹವಾಲ್ದಾರ್. ಐದು ವರ್ಷದ ಹಿಂದೆ ಮದುವೆಯಾದಾಗ ಕೆಲಸ ಬಿಟ್ಟೆ. ಪಠಾಣ್‌ಕೋಟ್‌ನ ಕ್ವಾರ್ಟರ್ಸ್‌ನಲ್ಲಿ ಎರಡೂವರೆ ವರ್ಷ ಇದ್ದೆವು. ನನಗೆ ಹಿಂದಿ ಅಷ್ಟಕ್ಕಷ್ಟೆ, ಯಾರೊಂದಿಗೂ ಬೆರೆಯಲಾಗಲಿಲ್ಲ. ಈಗ ಅವರಿಗೆ ಕುಟುಂಬವನ್ನು ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್ ಆಗಿ ಮೂರು ತಿಂಗಳಾಯಿತು. ನಾನು ಮೂರು ವರ್ಷದ ಮಗನೊಂದಿಗೆ ಅತ್ತೆಯ ಮನೆಯಲ್ಲಿದ್ದೇನೆ. ಮಾವ ಮುಂಬೈಯ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದು ಬಂದವರು. ಅತ್ತೆ ಒಳ್ಳೆಯವರೇ, ಆದರೆ ಅವರ ಬೆಳಗೆಲ್ಲ ಮಲ್ಲಿಗೆ ಕೊಯ್ದು ಕಟ್ಟಿ ಮಾರುವುದರಲ್ಲೇ ಮುಗಿಯುತ್ತದೆ. ಮಾತು ಕಡಿಮೆ.

ಊರಿನಲ್ಲಿ ಎಲ್ಲರೂ "ಸೈನಿಕನ ಹೆಂಡತಿ, ಧೈರ್ಯವಂತೆ" ಎನ್ನುತ್ತಾರೆ. ಕೇಳಿದರೆ ಕಿರಿಕಿರಿಯಾಗುತ್ತದೆ. ನಾನು ಯಾರು, ಏನು ಮಾಡುತ್ತಿದ್ದೇನೆ ಎಂದು ನನಗೇ ತಿಳಿಯದಾಗಿದೆ. ಏನಾದರೂ ಶುರು ಮಾಡೋಣವೆಂದರೆ ಎರಡು ವರ್ಷದಲ್ಲಿ ಮತ್ತೆ ಪೋಸ್ಟಿಂಗ್ ಬರುತ್ತದೆ. ಹೇಗೂ ಬಿಟ್ಟು ಹೋಗಬೇಕಾದ ಮೇಲೆ ಶುರು ಮಾಡುವುದಾದರೂ ಏಕೆ? ಮನೆಯಲ್ಲೇ ಮಸಾಲೆ ಪುಡಿ ಮಾಡಿ ಮಾರು ಎಂದು ನಾದಿನಿ ಹೇಳುತ್ತಾಳೆ. ಕೊನೆಯದಾಗಿ, ನನಗೆ ಈ ಬದುಕು ಸಾಲುತ್ತಿಲ್ಲ ಎಂಬುದನ್ನು ಅತ್ತೆಗೆ ನೋವಾಗದಂತೆ ಹೇಗೆ ಹೇಳಲಿ?

ಉತ್ತರ

ನಿಮ್ಮ ಪತ್ರದ ಒಂದು ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದಿದ್ದೇನೆ: "ಹೇಗೂ ಬಿಟ್ಟು ಹೋಗಬೇಕಾದ ಮೇಲೆ ಶುರು ಮಾಡುವುದಾದರೂ ಏಕೆ?" ಹಿಂದಿ, ಒಂಟಿತನ, ಊರಿನವರ ಮಾತು ಎಲ್ಲವೂ ಈ ಸಾಲಿನ ಸುತ್ತಲೇ ತಿರುಗುತ್ತಿವೆ. ಆದ್ದರಿಂದ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ.

ನಾನೂ ಇಪ್ಪತ್ತೊಂದು ವರ್ಷ ಸೈನಿಕನ ಹೆಂಡತಿಯಾಗಿ ಎಂಟು ಊರುಗಳಲ್ಲಿ ಒಲೆ ಹೂಡಿದವಳು. ಆಮೇಲೆ ಆಪ್ತ ಸಮಾಲೋಚನೆ ಕಲಿತು ಮಂಗಳೂರಿನಲ್ಲಿ ನೆಲೆ ನಿಂತೆ. ನೀವು ಕೇಳಿದ ಪ್ರಶ್ನೆಯನ್ನು ನಾನು ನಾಲ್ಕನೆಯ ಊರಿನ ತನಕ ಕೇಳಿಕೊಳ್ಳುತ್ತಲೇ ಇದ್ದೆ. ಉತ್ತರ ಸಿಕ್ಕಿದ್ದು ಪುಸ್ತಕದಲ್ಲಿ ಅಲ್ಲ, ಯಜಮಾನರು ಒಂದು ರಾತ್ರಿ ಊಟದ ತಟ್ಟೆ ಪಕ್ಕಕ್ಕಿಟ್ಟು ಬರೆಯುತ್ತಿದ್ದ ಒಂದು ಪಟ್ಟಿಯಲ್ಲಿ.

ಪಠಾಣ್‌ಕೋಟ್ ಬಿಡುವ ಮುಂಚಿನ ವಾರ ಏನು ಮಾಡಿದಿರಿ ಎಂದು ನಿಮ್ಮ ಯಜಮಾನರನ್ನು ಕೇಳಿ ನೋಡಿ. ಹ್ಯಾಂಡಿಂಗ್-ಟೇಕಿಂಗ್ ಎನ್ನುತ್ತಾರೆ. ತಮ್ಮ ವಶದಲ್ಲಿದ್ದ ಸ್ಟೋರು, ರಿಜಿಸ್ಟರು, ಬೀಗದ ಕೈ, ದುರಸ್ತಿಗೆ ಹೋದ ವಸ್ತು, ಅರ್ಧಕ್ಕೆ ನಿಂತ ಕೆಲಸ ಎಲ್ಲವನ್ನೂ ಹೊಸದಾಗಿ ಬಂದವನಿಗೆ ಎಣಿಸಿ ಒಪ್ಪಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಸೇನೆಯಲ್ಲಿ ಯಾರೂ ಯಾವ ಕೆಲಸವನ್ನೂ ಪೂರ್ತಿ ಮುಗಿಸಿ ಹೊರಡುವುದಿಲ್ಲ. ಹಾಗೆಂದು ಅಲ್ಲಿದ್ದ ಎರಡೂವರೆ ವರ್ಷ ದಂಡವಾಯಿತೆಂದು ನಿಮ್ಮ ಯಜಮಾನರಿಗೆ ಅನ್ನಿಸಿರಲಾರದು. ಅದೇ ದಿನ, ಅದೇ ರೈಲಿನಲ್ಲಿ ಹೊರಟ ನೀವು ಮಾತ್ರ ಬರಿಗೈಯಲ್ಲಿ ಬಂದೆನೆಂದು ಭಾವಿಸಿದ್ದೀರಿ. ಏಕೆಂದರೆ ನಿಮ್ಮ ಬಳಿ ಒಪ್ಪಿಸುವುದಕ್ಕೆ ಏನೂ ಇರಲಿಲ್ಲ. ಮಾರ್ಚ್ ಔಟ್ ಆಗುವಾಗ, ಅಂದರೆ ಕ್ವಾರ್ಟರ್ಸ್ ಬಿಟ್ಟುಕೊಡುವಾಗ, ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಎಂಇಎಸ್‌ನವರು ಎಣಿಸಿದ ಫ್ಯಾನು, ಬಲ್ಬು, ಕಿಟಕಿಯ ಗಾಜು ಅಷ್ಟೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಯಕ್ಷಗಾನದ ತಿರುಗಾಟದ ಮೇಳಗಳನ್ನು ನೋಡಿ ಬೆಳೆದವರು ನಾವು. ಸಂಜೆ ಗದ್ದೆಯಲ್ಲಿ ರಂಗಸ್ಥಳ ಕಟ್ಟುತ್ತಾರೆ, ಬೆಳಗಾಗುವಾಗ ಬಿಚ್ಚಿ ಲಾರಿಗೆ ತುಂಬುತ್ತಾರೆ, ತಿರುಗಾಟ ಮುಗಿಯುವ ಪತ್ತನಾಜೆಯ ತನಕ ಇದೇ ಕೆಲಸ. ನಾಳೆ ಬಿಚ್ಚಬೇಕಲ್ಲ ಎಂದು ಯಾವ ಮೇಳವೂ ಇವತ್ತಿನ ಕಂಬವನ್ನು ಸಡಿಲವಾಗಿ ನೆಟ್ಟದ್ದಿಲ್ಲ.

ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಳ್ಳಿ. ಎರಡು ವರ್ಷದಲ್ಲಿ ನಾನು ಹೊರಡುವಾಗ ಯಾರ ಕೈಗೆ ಏನನ್ನು ಒಪ್ಪಿಸಿ ಹೋಗುತ್ತೇನೆ? ಮತ್ತು ಯಾವುದನ್ನು ನನ್ನ ಟ್ರಂಕಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ? ನಿಮಗೆ ಎರಡೂ ಬೇಕು. ಇವೆರಡನ್ನೂ ಒಂದೇ ಕೆಲಸದಲ್ಲಿ ಹುಡುಕಲು ಹೋದಾಗಲೇ ತಲೆ ಕೆಡುತ್ತದೆ.

ಟ್ರಂಕಿನದ್ದು ಸುಲಭ, ಮೊದಲು ಅದನ್ನು ಮುಗಿಸೋಣ. ನೀವು ಬಿ.ಎಡ್. ಮಾಡಿದ್ದೇನೆಂದು ಬರೆದಿಲ್ಲ. ಮಾಡಿಲ್ಲವಾದರೆ ಈಗ ಮಾಡಿ. 2015ರಿಂದ ಬಿ.ಎಡ್. ಎರಡು ವರ್ಷದ್ದು. ನಿಮ್ಮ ಯಜಮಾನರ ಫೀಲ್ಡ್ ಅವಧಿಯೂ ಹೆಚ್ಚು ಕಡಿಮೆ ಅಷ್ಟೇ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಲೆಕ್ಕ ಸೈನಿಕರ ಮನೆಗಳಲ್ಲಿ ಅಪರೂಪ. ಎಂ.ಎಸ್ಸಿ. ಜೊತೆಗೆ ಬಿ.ಎಡ್. ಇದ್ದರೆ ಕೇಂದ್ರೀಯ ವಿದ್ಯಾಲಯಗಳಲ್ಲಿ, ಆರ್ಮಿ ಪಬ್ಲಿಕ್ ಸ್ಕೂಲ್‌ಗಳಲ್ಲಿ 11 ಮತ್ತು 12ನೇ ತರಗತಿಗೆ ಪಾಠ ಮಾಡಲು ಅರ್ಜಿ ಹಾಕಬಹುದು. ಅದರ ಕೆಳಗಿನ ತರಗತಿಗಳಿಗೂ ಬಾಗಿಲು ತೆರೆದಿರಲೆಂದರೆ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ ಸಿಟಿಇಟಿ ಬರೆಯಿರಿ. ಬಿ.ಎಡ್. ಓದುತ್ತಿರುವಾಗಲೇ ಬರೆಯಬಹುದು. ಮೊದಲು ಅದರ ಪ್ರಮಾಣಪತ್ರಕ್ಕೆ ಏಳು ವರ್ಷದ ಆಯುಷ್ಯವಿತ್ತು, 2021ರಲ್ಲಿ ಜೀವನಪರ್ಯಂತ ಮಾಡಿದರು. ನಮ್ಮ ರಾಜ್ಯದ ಟಿಇಟಿ ಬರೆಯಬೇಡಿ ಎನ್ನುವುದಿಲ್ಲ, ಆದರೆ ನಾಳೆ ನೀವು ಜಬಲ್ಪುರದಲ್ಲೋ ಜೋಧಪುರದಲ್ಲೋ ಇರುವಾಗ ಕೈಹಿಡಿಯುವುದು ಕೇಂದ್ರದ್ದು. ದೇಶದಲ್ಲಿ 1,200ಕ್ಕೂ ಹೆಚ್ಚು ಕೇಂದ್ರೀಯ ವಿದ್ಯಾಲಯಗಳಿವೆ. ದಂಡು ಇರುವ ಕಡೆಯೆಲ್ಲ ಸಾಮಾನ್ಯವಾಗಿ ಒಂದಿರುತ್ತದೆ. ವರ್ಷದ ಆರಂಭದಲ್ಲಿ ಗುತ್ತಿಗೆ ಶಿಕ್ಷಕರಿಗೆ ನೇರ ಸಂದರ್ಶನ ಕರೆಯುತ್ತಾರೆ. ಗುತ್ತಿಗೆಯ ಕೆಲಸಕ್ಕೆ ಭದ್ರತೆ ಇಲ್ಲ, ನಿಜ. ಆದರೆ ಎರಡು ವರ್ಷಕ್ಕೊಮ್ಮೆ ಊರು ಬದಲಿಸುವ ನಮಗೆ ಹನ್ನೊಂದು ತಿಂಗಳ ಕೆಲಸವೆಂದರೆ ಬೇರೆಯವರಿಗೆ ಇರುವಷ್ಟು ಕಹಿಯಿಲ್ಲ.

ಬಿ.ಎಡ್. ಮುಗಿಯುವ ಮೊದಲೇ ಯಜಮಾನರಿಗೆ ಕುಟುಂಬ ಜೊತೆಗಿರಬಹುದಾದ ಪೀಸ್ ಸ್ಟೇಷನ್ ಬಂದರೆ? ಬರಲಿ. ಅಲ್ಲಿ ಹೇಗೂ ಕ್ವಾರ್ಟರ್ಸ್‌ಗೆ ಸರದಿ ಕಾಯಬೇಕು, ಕೆಲವೆಡೆ ತಿಂಗಳುಗಟ್ಟಲೆ. ಒಂದು ಸೆಮಿಸ್ಟರ್ ತಡವಾಗಿ ಹೋದರೆ ಸಂಸಾರ ಮುಳುಗುವುದಿಲ್ಲ. "ಹೆಂಡತಿ ಅಂದ ಮೇಲೆ ಗಂಡ ಇರುವಲ್ಲಿ ಇರಬೇಕು" ಎಂದು ಯಾರಾದರೂ ಹೇಳಿಯಾರು. ಗಂಡ ಗಡಿಯಲ್ಲಿದ್ದಾಗ ಅದೇ ಮಾತು ಅವರಿಗೆ ನೆನಪಾಗಿರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಅವರು ವಾರ್ಷಿಕ ರಜೆಯಲ್ಲಿ ಮನೆಗೆ ಬಂದಾಗ ತರಗತಿ ತಪ್ಪಿಸಬೇಡಿ. ಹವಾಲ್ದಾರರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಈ ತೊಂಬತ್ತು ದಿನವೂ ನಿಮ್ಮ ದಿನಚರಿ ನಿಂತು ಬಿಟ್ಟರೆ ಉಳಿದ ದಿನಗಳಲ್ಲಿ ಅದನ್ನು ಮತ್ತೆ ಚಾಲೂ ಮಾಡುವುದರಲ್ಲೇ ಶಕ್ತಿ ಹೋಗುತ್ತದೆ. ನನ್ನಲ್ಲಿಗೆ ಬರುವ ಸೈನಿಕರ ಪತ್ನಿಯರಲ್ಲಿ ಬಹಳ ಮಂದಿ ಎಡವಿದ್ದು ಇಲ್ಲಿಯೇ. ಅವರು ಬರುತ್ತಾರೆಂದು ಹೊಲಿಗೆ ತರಗತಿ ನಿಂತಿತು, ಭಜನೆ ನಿಂತಿತು, ಗೆಳತಿಯ ಮನೆಗೆ ಹೋಗುವುದು ನಿಂತಿತು. ಅವರು ಹೊರಟ ಮೇಲೆ ಮನೆ ಇಮ್ಮಡಿ ಖಾಲಿಯಾಯಿತು. ಬೆಳಗ್ಗೆ ಮಗನನ್ನು ಅವರ ಕೈಗೆ ಕೊಟ್ಟು ಬ್ಯಾಗ್ ಹಾಕಿಕೊಂಡು ಬಸ್ಸಿಗೆ ನಡೆಯಿರಿ. ಅಪ್ಪ ಮಗನಿಗೂ ಪರಿಚಯ ಬೇಕಲ್ಲ.

ಮಸಾಲೆ ಪುಡಿಯ ವಿಷಯ. ಮನೆಯಲ್ಲಿ ಕೂತ ಹೆಂಗಸರೆಲ್ಲರಿಗೂ ಈಗ ಇದೇ ಔಷಧಿ ಬರೆದುಕೊಡುತ್ತಾರೆ. ನಾದಿನಿಯ ಪ್ರೀತಿಯನ್ನು ಅನುಮಾನಿಸುವುದಿಲ್ಲ. ಆದರೆ ನಿಮಗೆ ಅದರಲ್ಲಿ ಆಸೆ ಇರುವ ಸುಳಿವು ಪತ್ರದಲ್ಲಿ ಎಲ್ಲಿಯೂ ಇಲ್ಲ. ಗಿರಾಕಿ ಹಿಡಿಯಲು ಒಂದು ವರ್ಷ ಬೇಕು, ಹಿಡಿದ ಮೇಲೆ ಊರು ಬಿಡಬೇಕು. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಅನುಮತಿ ಇಲ್ಲದೆ ವ್ಯಾಪಾರ ಮಾಡುವ ಹಾಗೂ ಇಲ್ಲ. ಟ್ರಂಕಿಗೂ ಹಿಡಿಯದ, ಇನ್ನೊಬ್ಬರಿಗೆ ಒಪ್ಪಿಸಲೂ ಬಾರದ ಕೆಲಸವದು. ಬಿಟ್ಟುಬಿಡಿ.

ಇನ್ನು ಒಪ್ಪಿಸಿ ಹೋಗುವ ಕೆಲಸ. ಇದರಲ್ಲಿ ಹಣ ಇರಬೇಕಾಗಿಲ್ಲ. ಒಂದೇ ಷರತ್ತು: ಒಂದು ವಾರ ನೀವು ಹೋಗದಿದ್ದರೆ "ಯಾಕೆ ಬರಲಿಲ್ಲ?" ಎಂದು ಯಾರಾದರೂ ಕೇಳಬೇಕು. ಈಗ ನಿಮ್ಮ ಬದುಕಿನಲ್ಲಿ ಹಾಗೆ ಕೇಳುವವರು ಮಗ ಒಬ್ಬನೇ. ಅವನ ಮೇಲೆ ಅಷ್ಟು ಭಾರ ಹೊರಿಸುವುದು ಸರಿಯಲ್ಲ.

ನಿಮ್ಮ ಗ್ರಾಮ ಪಂಚಾಯತ್‌ನ ಗ್ರಂಥಾಲಯ ಎಲ್ಲಿದೆ ನೋಡಿ. ಈಗ ಅದಕ್ಕೆ ಅರಿವು ಕೇಂದ್ರ ಎಂಬ ಫಲಕ ಇರುತ್ತದೆ. ಮಕ್ಕಳಿಗೆ ಸದಸ್ಯತ್ವ ಉಚಿತ, ಹಲವು ಕಡೆ ಕಂಪ್ಯೂಟರ್ ಇದೆ, ಮೇಲ್ವಿಚಾರಕರಿದ್ದಾರೆ. ಸಾಮಾನ್ಯವಾಗಿ ಇಲ್ಲದಿರುವುದು ಒಂದೇ, ಮಕ್ಕಳ ಜೊತೆ ಕೂತು ಏನಾದರೂ ಮಾಡಿ ತೋರಿಸುವವರು. ನೀವು ರಸಾಯನಶಾಸ್ತ್ರದವರು. ಅರಸಿನ ನೀರಿಗೆ ಸಾಬೂನು ಮುಟ್ಟಿಸಿ ಕೆಂಪು ಮಾಡಿ, ಅದಕ್ಕೆ ಬಿಂಬುಳಿ ಹಿಂಡಿ ಮತ್ತೆ ಹಳದಿ ಮಾಡಿ ತೋರಿಸಿ. ಹತ್ತು ಮಕ್ಕಳ ಬಾಯಿ ತೆರೆದುಕೊಳ್ಳುತ್ತದೆ. ದಾಸವಾಳದ ಎಸಳಿನಿಂದ ಆಮ್ಲ ಪ್ರತ್ಯಾಮ್ಲ ಗುರುತಿಸುವುದು, ಕೆಲವು ಬಾವಿಗಳ ನೀರಿನಲ್ಲಿ ಸಾಬೂನು ಏಕೆ ನೊರೆ ಬರುವುದಿಲ್ಲ ಎಂದು ನೋಡುವುದು, ಕಡಲ ಬದಿಯ ಮನೆಯಲ್ಲಿ ಸೈಕಲ್ ಬೇಗ ತುಕ್ಕು ಹಿಡಿಯುವುದೇಕೆ ಎಂದು ಲೆಕ್ಕ ಹಾಕುವುದು. ಪ್ರತಿ ಶನಿವಾರ ಒಂದೂವರೆ ಗಂಟೆ ಸಾಕು. ಮಗನನ್ನೂ ಕರೆದುಕೊಂಡು ಹೋಗಿ, ಚಾಪೆಯ ಒಂದು ಮೂಲೆಯಲ್ಲಿ ಅವನೂ ಏನಾದರೂ ಚೆಲ್ಲುತ್ತಿರಲಿ.

ಮೊದಲ ದಿನದಿಂದಲೇ ಒಂದು ದಪ್ಪ ಪುಸ್ತಕ ಇಡಿ. ಯಾವ ಶನಿವಾರ ಏನು ಮಾಡಿದೆವು, ಏನು ಕೆಟ್ಟಿತು, ಯಾವ ಹುಡುಗಿ ಎಂಥ ಪ್ರಶ್ನೆ ಕೇಳಿದಳು ಎಂದು ಬರೆಯಿರಿ. ಆರು ತಿಂಗಳ ನಂತರ ಊರಿನ ಪದವಿ ಓದುವ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ವರ್ಷವಾದ ಮೇಲೆ ತಿಂಗಳಿಗೊಂದು ಶನಿವಾರವನ್ನು ಅವಳೇ ನಡೆಸಲಿ, ನೀವು ಹಿಂದೆ ಕೂರಿ. ಪೋಸ್ಟಿಂಗ್ ಬಂದ ದಿನ ಆ ಪುಸ್ತಕವನ್ನು ಅವಳ ಕೈಗೆ ಕೊಡಿ. ಆಗ ನೀವೂ ಹ್ಯಾಂಡಿಂಗ್ ಓವರ್ ಮಾಡಿದಂತಾಯಿತು, ಬೇಕಿದ್ದರೆ ತಮಾಷೆಗೆ ಸಹಿಯನ್ನೂ ಹಾಕಿಸಿಕೊಳ್ಳಿ. ಹೊಸ ಊರಿನ ಕ್ವಾರ್ಟರ್ಸ್‌ನಲ್ಲಿ ಇದನ್ನೇ ಮತ್ತೆ ಕಟ್ಟಬಹುದು. ಅರಸಿನ, ಸಾಬೂನು, ನಿಂಬೆ ಎಲ್ಲಿಲ್ಲ?

ರಸಾಯನಶಾಸ್ತ್ರದ ಬದಲು ಭಜನಾ ಮಂಡಳಿಯೋ ಮಹಿಳಾ ಯಕ್ಷಗಾನ ತಂಡವೋ ಸ್ವಸಹಾಯ ಸಂಘವೋ ಆದೀತೇ ಎಂದು ಕೇಳಿದರೆ, ಖಂಡಿತ ಆದೀತು. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಹೆಂಗಸರು ವಾರಕ್ಕೊಮ್ಮೆ ಕೂಡಿ ಕೂರುವ ಜಾಗಗಳಿಗೆ ಬರವಿಲ್ಲ. ಸಂಘದ ಲೆಕ್ಕ ಬರೆಯುವವರು ಎಲ್ಲ ಕಡೆಗೂ ಬೇಕು. ಆದರೆ ನಿಮಗೆ ಪಾಠ ಮಾಡುವುದರ ಹಸಿವು ಇದೆ ಎಂದು ನನಗೆ ಅನ್ನಿಸಿತು. ಪತ್ರದಲ್ಲಿ ನೀವು ಉತ್ಸಾಹದಿಂದ ಬರೆದ ಏಕೈಕ ಸಾಲು ಆ ಎರಡು ವರ್ಷದ ಕಾಲೇಜಿನದ್ದು.

ಈಗ ಜನರ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಕರಾವಳಿಗೇ ವಿಶೇಷವಾದ ಒಂದು ತೊಡಕಿದೆ. ಕೊಡಗಿನಲ್ಲಿ ನೀವು ಸೊಸೆಯಾಗಿದ್ದರೆ ಅಕ್ಕಪಕ್ಕದಲ್ಲೇ ನಿವೃತ್ತ ಸೈನಿಕರ ಮನೆಗಳಿರುತ್ತಿದ್ದವು, ಕ್ಯಾಂಟೀನ್ ಕಾರ್ಡಿನಿಂದ ಪಿಂಚಣಿಯ ತನಕ ಎಲ್ಲರಿಗೂ ಎಲ್ಲ ಗೊತ್ತಿರುತ್ತಿತ್ತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಬೆಳಗಾವಿಯ ಸುತ್ತಲೂ ಹಾಗೆಯೇ. ನಮ್ಮಲ್ಲಿ ಸೇನೆಗೆ ಹೋಗುವವರು ಅಷ್ಟಿಲ್ಲ. ಹಾಗಾಗಿ ಊರಿನವರಿಗೆ ಸೈನಿಕನ ಹೆಂಡತಿಯೊಡನೆ ಏನು ಮಾತನಾಡಬೇಕೆಂದೇ ತಿಳಿಯುವುದಿಲ್ಲ. ಆಗಸ್ಟ್ 15ಕ್ಕೆ ಶಾಲೆಗೆ ಕರೆದು ಶಾಲು ಹೊದಿಸುತ್ತಾರೆ, ಉಳಿದ ದಿನ ಕ್ಯಾಂಟೀನಿನ ರಮ್ ಸಿಕ್ಕೀತೇ ಎಂದು ವಿಚಾರಿಸುತ್ತಾರೆ.

"ಧೈರ್ಯವಂತೆ" ಎಂಬ ಮಾತು ಕಿರಿಕಿರಿ ಮಾಡುತ್ತದೆ ಎಂದಿದ್ದೀರಿ. ನಿಮ್ಮ ಕಿರಿಕಿರಿ ಸರಿಯಾಗಿಯೇ ಇದೆ. ಆ ಹೊಗಳಿಕೆಯಲ್ಲಿ ಕೆಟ್ಟ ಉದ್ದೇಶ ಇಲ್ಲ, ಆದರೆ ಅದು ಬಾಯಿಗೆ ಬೀಗ ಹಾಕುತ್ತದೆ. ಧೈರ್ಯವಂತೆ ಎಂದು ಕರೆಸಿಕೊಂಡ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಹೇಳುವುದು ಹೇಗೆ? ಇನ್ನು ಯಾರಾದರೂ ಹಾಗೆಂದಾಗ ನಕ್ಕು, "ಧೈರ್ಯ ಅವರದ್ದು, ನನಗೆ ಬೇಸರ ಇದೆ" ಎಂದು ಹೇಳಿ ನೋಡಿ. ಅರ್ಧ ಜನ ತಬ್ಬಿಬ್ಬಾಗುತ್ತಾರೆ. ಉಳಿದ ಅರ್ಧ ನಿಮ್ಮ ಪಕ್ಕ ಕೂರುತ್ತಾರೆ. ನಿಮಗೆ ಬೇಕಾದವರು ಅವರೇ.

ಕರಾವಳಿಗೆ ಸೈನಿಕರ ಹೆಂಡತಿಯರ ಅಭ್ಯಾಸವಿಲ್ಲದಿರಬಹುದು, ಆದರೆ ಗಂಡ ದೂರ ಇರುವ ಮನೆಗಳ ಅಭ್ಯಾಸ ಇಷ್ಟು ಇರುವ ಸೀಮೆ ಇನ್ನೊಂದು ಸಿಗುವುದು ಕಷ್ಟ. ಮೊದಲು ಮುಂಬೈಯ ಹೋಟೆಲು, ಆಮೇಲೆ ಕೊಲ್ಲಿ ದೇಶ, ಹಡಗು, ಬ್ಯಾಂಕಿನ ವರ್ಗಾವಣೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂದು ಐದು ದೊಡ್ಡ ಬ್ಯಾಂಕುಗಳು ಈ ನೆಲದಲ್ಲಿ ಹುಟ್ಟಿ, ನಮ್ಮ ಎಷ್ಟೋ ಮನೆಗಳ ಗಂಡಸರನ್ನು ದೇಶದ ಮೂಲೆಮೂಲೆಗೆ ಕಳಿಸಿದವು. ನಿಮ್ಮ ಬೀದಿಯಲ್ಲೇ ಮಸ್ಕತ್ತಿನಲ್ಲಿರುವವರ ಹೆಂಡತಿ ಒಬ್ಬರು, ಹಡಗಿನಲ್ಲಿರುವವರ ಹೆಂಡತಿ ಒಬ್ಬರು ಇದ್ದೇ ಇರುತ್ತಾರೆ. ಮಗುವಿಗೆ ಜ್ವರ ಬಂದಾಗ ಒಬ್ಬಳೇ ನಿರ್ಧಾರ ಮಾಡುವುದು, ಫೋನು ಬಂದಾಗ ಇರುವ ಐದು ನಿಮಿಷದಲ್ಲಿ ಜಗಳವನ್ನು ಎತ್ತಬೇಕೋ ಬಿಡಬೇಕೋ ಎಂಬ ಲೆಕ್ಕ, ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕದ ಎಲೆ ಖಾಲಿ. ಇವೆಲ್ಲ ಅವರಿಗೆ ಬಾಯಿಪಾಠ.

"ಅವರ ಗಂಡಂದಿರಿಗೆ ಗುಂಡಿನ ಭಯ ಇಲ್ಲವಲ್ಲ" ಎನ್ನಬಹುದು. ಸರಿ, ಹಾಗಾದರೆ ಮಲ್ಪೆಗೆ ಹೋಗೋಣ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಆ ನಾಲ್ಕೂವರೆ ತಿಂಗಳು ಆ ಮನೆಗಳ ಹೆಂಗಸರು ಹೇಗೆ ಕಳೆದರು? ನಿಮ್ಮ ಯಜಮಾನರ ಫೋನು ಮೂರು ದಿನ ಬಾರದಾಗ ಹೊಟ್ಟೆಯಲ್ಲಿ ಆಗುವುದೇನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮುದಾಯ ಎಂದಾಗ ನಾವು ನಮ್ಮಂಥದೇ ಗುರುತಿನ ಚೀಟಿ ಇರುವವರನ್ನು ಹುಡುಕುತ್ತೇವೆ. ಹುಡುಕಬೇಕಾದದ್ದು ನಮ್ಮಂತೆಯೇ ಕಾಯುವವರನ್ನು.

ಸೇನೆಯ ಕಡೆಯ ನಂಟನ್ನೂ ಬಿಡಬೇಡಿ. ಮಂಗಳೂರಿನಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಒಮ್ಮೆ ಹೋಗಿ, ನಿಮ್ಮ ಕಡೆಯ ಮಾಜಿ ಸೈನಿಕರ ಸಂಘದವರು ಯಾರೆಂದು ಕೇಳಿ. ಮಾಜಿ ಸೈನಿಕರಿಗಿಂತ ಅವರ ಮನೆಯವರು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಹೋದಾಗ ನಿಮ್ಮ ಕಾಗದಪತ್ರಗಳ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. ಮದುವೆ ಮತ್ತು ಮಗನ ಜನನ ಎರಡಕ್ಕೂ ಪಾರ್ಟ್ ಟು ಆರ್ಡರ್ (ಸೇನೆಯ ದಾಖಲೆಯಲ್ಲಿ ನಮೂದು) ಆಗಿದೆಯೇ, ಡಿಪೆಂಡೆಂಟ್ ಕಾರ್ಡ್ ಇದೆಯೇ, ವಿಮೆ ಮತ್ತು ಭವಿಷ್ಯನಿಧಿಗೆ ನಾಮಿನಿ ಯಾರು, ಬ್ಯಾಂಕ್ ಖಾತೆ ಜಂಟಿಯೇ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ ಹಾಗೆಯೇ ಬಿಟ್ಟ ಪ್ರಕರಣಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಇದು ಅಪಶಕುನದ ಮಾತಲ್ಲ. ಮನೆಯ ವ್ಯವಹಾರ ಗೊತ್ತಿರುವವಳಿಗೆ "ನಾನು ಯಾರು" ಎಂಬ ಪ್ರಶ್ನೆ ರಾತ್ರಿ ಸ್ವಲ್ಪ ಕಡಿಮೆ ಕಾಡುತ್ತದೆ.

ಪಠಾಣ್‌ಕೋಟ್‌ನಲ್ಲಿ ಬೆರೆಯಲಾಗಲಿಲ್ಲ ಎಂಬುದಕ್ಕೆ ನಿಮ್ಮನ್ನೇ ದೂರಿಕೊಂಡಿದ್ದೀರಿ. ಪೂರ್ತಿ ತಪ್ಪು ನಿಮ್ಮದಲ್ಲ. ಆವಾ, ಅಂದರೆ ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಷನ್ 1966ರಲ್ಲಿ ಹುಟ್ಟಿದ್ದು. ಅದರಿಂದ ಹೊಲಿಗೆ, ಕಂಪ್ಯೂಟರ್ ಕಲಿತವರಿದ್ದಾರೆ, ಗಂಡನನ್ನು ಕಳೆದುಕೊಂಡ ಮೇಲೆ ಆಸರೆ ಪಡೆದವರಿದ್ದಾರೆ. ಆದರೆ ತಿಂಗಳ ವೆಲ್‌ಫೇರ್ ಮೀಟಿನಲ್ಲಿ ಗಂಡನ ರ‍್ಯಾಂಕು ಹೆಂಡತಿಯ ಸೆರಗಿಗೂ ಅಂಟಿಕೊಂಡಿರುತ್ತದೆ. ಯಾವ ಸಾಲಿನಲ್ಲಿ ಕೂರಬೇಕು, ಯಾರು ಬಂದಾಗ ಏಳಬೇಕು ಎಂಬುದರಲ್ಲೇ ಮೊದಲ ವರ್ಷ ಕಳೆಯುತ್ತದೆ. ಹೋಗಬೇಡಿ ಎನ್ನುತ್ತಿಲ್ಲ, ಹೋಗಿ, ಅಲ್ಲಿ ಸಿಗುವ ತರಬೇತಿ ಪಡೆಯಿರಿ. ಗೆಳತಿಯನ್ನು ಮಾತ್ರ ಅಲ್ಲಿ ಹುಡುಕಬೇಡಿ. ಗೆಳತಿ ಸಿಗುವುದು ಶಾಲೆಯ ಬಸ್ಸು ನಿಲ್ಲುವಲ್ಲಿ, ದಂಡಿನ ಚಿಕಿತ್ಸಾಲಯವಾದ ಎಂಐ ರೂಮಿನ ಬೆಂಚಿನ ಮೇಲೆ, ಬಟ್ಟೆ ಒಣಗಿಸುವ ತಾರಸಿಯಲ್ಲಿ.

ನನಗೆ ಸಿಕ್ಕಿದ್ದು ವಾಸನೆಯಿಂದ. ಎರಡನೆಯ ಊರಿನಲ್ಲಿ ಒಂದು ಮಧ್ಯಾಹ್ನ ಧೈರ್ಯ ಮಾಡಿ, ಅಮ್ಮ ಕಟ್ಟಿಕೊಟ್ಟಿದ್ದ ಒಣ ಸಿಗಡಿ ಹುರಿದೆ. ಕಿಟಕಿ ಬಾಗಿಲು ಮುಚ್ಚಿದ್ದರೂ ವಾಸನೆ ಇಡೀ ಬ್ಲಾಕಿಗೆ ಹೋಯಿತು. ಹತ್ತು ನಿಮಿಷದಲ್ಲಿ ಬಾಗಿಲು ಬಡಿದರು. ಜಗಳಕ್ಕೇ ಬಂದರೆಂದು ಹೆದರುತ್ತಾ ತೆರೆದೆ. ಮೇಲಿನ ಮಹಡಿಯ ಮಣಿಪುರದ ಹುಡುಗಿ. ಕೈಯಲ್ಲಿ ಬಟ್ಟಲು. ಅವರ ಕಡೆ ಹುದುಗಿಸಿದ ಮೀನಿಗೆ ಙಾರಿ ಎನ್ನುತ್ತಾರಂತೆ. ಅದನ್ನು ಬೇಯಿಸಿದಾಗೆಲ್ಲ ಅಕ್ಕಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ತನ್ನಂಥವಳು ಇನ್ನೊಬ್ಬಳು ಕೆಳಗಿದ್ದಾಳೆಂದು ಅವಳಿಗೆ ಅವತ್ತು ಗೊತ್ತಾಯಿತು. ನನ್ನ ಹಿಂದಿಯೂ ಹರಕು, ಅವಳದ್ದೂ ಹರಕು, ಆದ್ದರಿಂದ ಇಬ್ಬರಿಗೂ ಸಂಕೋಚ ಇರಲಿಲ್ಲ. ನಾನು ಹಿಂದಿ ಕಲಿತದ್ದು ಅವಳ ಜೊತೆ. ಇವತ್ತಿಗೂ ನನ್ನ ಹಿಂದಿ ಕೇಳಿದವರು ನೀವು ಈಶಾನ್ಯದವರೇ ಎನ್ನುತ್ತಾರೆ.

ನೀವು ಪಠಾಣ್‌ಕೋಟ್‌ನಲ್ಲಿ ಹಿಂದಿ ಚೆನ್ನಾಗಿ ಬರುವವರ ಜೊತೆ ಹಿಂದಿ ಮಾತನಾಡಲು ಹೋದಿರೇನೋ. ಮುಂದಿನ ಊರಿನಲ್ಲಿ ಹಿಂದಿ ಬಾರದವರನ್ನು ಹುಡುಕಿ. ತಮಿಳರು, ಮಿಜೋರಾಂನವರು, ಒಡಿಶಾದ ಹಳ್ಳಿಯವರು, ಎಲ್ಲರೂ ಬಾಗಿಲ ಹಿಂದೆ ನಿಮ್ಮಂತೆಯೇ ನಿಂತಿರುತ್ತಾರೆ.

ಒಂದು ಮಾತನ್ನು ಮಾತ್ರ ಸಮಾಲೋಚಕಿಯಾಗಿ ಹೇಳಬೇಕು. ಬೇಸರ ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮಗನ ಆಟವೂ ಹಿತವೆನಿಸದಿದ್ದರೆ, ಬದುಕಿ ಏನಾಗಬೇಕು ಎಂಬ ಯೋಚನೆ ಸುಳಿದರೆ, ಮೇಲೆ ಹೇಳಿದ್ದನ್ನೆಲ್ಲ ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಗಂಡನ ಯೂನಿಟ್‌ಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂದು ಹಿಂಜರಿಯಬೇಡಿ, ಅದು ಯೂನಿಟ್‌ಗೆ ಹೋಗುವ ಕರೆಯಲ್ಲ. ನಿಮ್ಮ ಪತ್ರದಲ್ಲಿ ಸಿಟ್ಟು ಇದೆ, ಕುತೂಹಲ ಇದೆ, ಹಾಗಾಗಿ ನನಗೆ ಅಷ್ಟು ಗಾಬರಿಯಾಗಲಿಲ್ಲ. ಆದರೂ ಕಾಗದ ನೋಡಿ ಎಲ್ಲವನ್ನೂ ಹೇಳಲಾಗುವುದಿಲ್ಲ.

ಮಗನನ್ನು ಅಂಗನವಾಡಿ ಅಥವಾ ಶಿಶುವಿಹಾರಕ್ಕೆ ಸೇರಿಸಲು ಅವನಿಗೆ ವಯಸ್ಸಾಗಿದೆ. ಬೆಳಗಿನ ಆ ಕೆಲವು ಗಂಟೆ ನಿಮಗೆ ಬೇಕು. ಮಾವ ಮನೆಯಲ್ಲೇ ಇದ್ದಾರೆಂದಿದ್ದೀರಿ. ಮೊಮ್ಮಗನನ್ನು ಕೈಹಿಡಿದು ನಡೆಸಿಕೊಂಡು ಹೋಗುವ ಕೆಲಸ ಅವರಿಗೆ ಕೊಡಿ. ಮೂವತ್ತು ವರ್ಷ ಮುಂಬೈಯಲ್ಲಿದ್ದು ತಮ್ಮ ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗಲಾಗದ ಮನುಷ್ಯ, ಬೇಡ ಎನ್ನಲಾರರು.

ಕೊನೆಗೆ ಅತ್ತೆಯ ವಿಷಯ. ಹೇಗೆ ಹೇಳಲಿ ಎಂದು ಕೇಳಿದ್ದೀರಿ. ನಾನಾದರೆ ಹೇಳುವ ಮೊದಲು ಕೇಳುತ್ತಿದ್ದೆ. ಮಾವ ಮೂವತ್ತು ವರ್ಷ ಮುಂಬೈಯಲ್ಲಿದ್ದರು ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಆ ಮೂವತ್ತು ವರ್ಷ ಅತ್ತೆ ಎಲ್ಲಿದ್ದರು? ಇದೇ ಮನೆಯಲ್ಲಿ, ಇದೇ ಜಗಲಿಯಲ್ಲಿ. ಮೊಬೈಲ್ ಇರಲಿಲ್ಲ, ತಿಂಗಳಿಗೊಂದು ಮನಿಯಾರ್ಡರ್, ಅದರ ಕೆಳಗಿನ ತುಂಡು ಕಾಗದದಲ್ಲಿ ಎರಡು ಸಾಲು. ಮಲ್ಲಿಗೆ ಗಿಡಗಳನ್ನು ಅವರು ನೆಟ್ಟದ್ದು ಯಾವ ವರ್ಷ ಎಂದು ನಿಮಗೆ ಗೊತ್ತೇ? ನನ್ನ ಊಹೆ ತಪ್ಪಿರಬಹುದು, ಆದರೆ ಶಂಕರಪುರದ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಮಲ್ಲಿಗೆ ಬಂದದ್ದು ಗಂಡ ದೂರ ಇದ್ದ ಹೆಂಗಸರ ಕೈಯಿಂದ. ಮನಿಯಾರ್ಡರ್ ತಡವಾದ ತಿಂಗಳು ಮನೆ ನಡೆಸಿದ್ದು ಹೂವಿನ ದುಡ್ಡು.

ಸೊಸೆ ಮನೆಗೆ ಬಂದಿದ್ದಾಳೆ, ನಾಲ್ಕು ದಿನ ಆರಾಮವಾಗಿರಲಿ ಎಂದು ಅವರು ನಿಮ್ಮನ್ನು ಹೂವಿನ ಕೆಲಸಕ್ಕೆ ಕರೆಯುತ್ತಿಲ್ಲವೇನೋ. ಮಳೆಗಾಲದ ಆಟಿ ತಿಂಗಳಲ್ಲಿ ತವರಿಗೆ ಹೋದ ಮಗಳನ್ನು ಕೂರಿಸಿ ಉಣಿಸಬಹುದು, ಎರಡು ವರ್ಷ ಉದ್ದದ ಆಟಿ ಯಾವ ಪಂಚಾಂಗದಲ್ಲೂ ಇಲ್ಲ. ನಾಳೆ ಬೆಳಗ್ಗೆ ಅವರು ಮೊಗ್ಗು ಕೊಯ್ದು ತಂದು ಜಗಲಿಯಲ್ಲಿ ಸುರಿದಾಗ ಬಾಳೆನಾರು ಸೀಳಿಕೊಂಡು ಪಕ್ಕದಲ್ಲಿ ಕೂರಿ. ಚೆಂಡು ಕಟ್ಟಲು ನಿಮಗೆ ಬರುವುದಿಲ್ಲವಾದರೆ ಇನ್ನೂ ಒಳ್ಳೆಯದು, ಅವರು ಕಲಿಸುತ್ತಾರೆ. ಹೂವು ಒಯ್ಯುವವರು ಬರುವ ತನಕ ಎರಡು ಮೂರು ಗಂಟೆ ಸಮಯವಿದೆ. ಕೈಗೆ ಕೆಲಸ ಇದ್ದಾಗ ಮುಖ ನೋಡಿ ಮಾತನಾಡಬೇಕಾಗಿಲ್ಲ, ಮಾತು ಕಡಿಮೆ ಇರುವವರಿಗೆ ಅದೇ ಅನುಕೂಲ. "ಅತ್ತೆ, ಮಾವ ಮುಂಬೈಯಲ್ಲಿದ್ದಾಗ ನಿಮಗೆ ಬೇಸರ ಆಗುತ್ತಿರಲಿಲ್ಲವೇ?" ಎಂದು ಕೇಳಿ. ಬಿ.ಎಡ್. ವಿಷಯ ಎರಡನೆಯ ದಿನಕ್ಕಿರಲಿ.